ನೀರಿನ ದಂಡೆಗೊಂದು ತಡಮೆ

ಪಶ್ಚಿಮದಲ್ಲಿ ಕಡಲು, ಪೂರ್ವದಲ್ಲಿ ಘಟ್ಟ, ನಡುವೆ ಸಮತಟ್ಟಾದ ಕರಾವಳಿಯ ಮೈದಾನ ಎಂದು ಭೂಗೋಳದ ಪಠ್ಯಪುಸ್ತಕಗಳು ಹೇಳುತ್ತವೆ. ಸೈಕಲ್ ತುಳಿದವನು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರ. ಉಡುಪಿಯಿಂದ ಮಣಿಪಾಲಕ್ಕೆ ಹೊರಟವನು ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಲೇಬೇಕು. ಕಾಪುವಿನಿಂದ ಕಾರ್ಕಳದ ಕಡೆಗೆ ಹೋದರಂತೂ ಏರಿ ಇಳಿದು, ಇಳಿದು ಏರಿ, ಮುರಕಲ್ಲಿನ ಗುಡ್ಡಗಳು ಮುಗಿಯುವುದೇ ಇಲ್ಲ. ಬೆಟ್ಟು, ಮಜಲು, ಬೈಲು ಎಂದು ನಮ್ಮ ಹಿರಿಯರು ಗದ್ದೆಗಳಿಗೆ ಹೆಸರಿಟ್ಟದ್ದೇ ನೆಲದ ಈ ಮೆಟ್ಟಿಲುಗಳನ್ನು ನೋಡಿ.

ಈ ಏರಿಳಿತದ ನಾಡಿನಲ್ಲಿ ಸಮತಟ್ಟಾದ ದಾರಿಯೆಂದರೆ ಒಂದೇ, ನೀರಿನ ಪಕ್ಕದ ದಾರಿ. ಸ್ವರ್ಣೆ, ಸೀತೆಯರು ಕೋಡಿ ಬೆಂಗ್ರೆಯ ಬಳಿ ಕಡಲನ್ನು ಸೇರುವ ಮುನ್ನ ಕೊನೆಯ ಕೆಲವು ಮೈಲುಗಳಲ್ಲಿ ಇಳಿಜಾರೆಂಬುದೇ ಇರುವುದಿಲ್ಲ; ಭರತದಲ್ಲಿ ಉಪ್ಪುನೀರು ಹಿಂದಕ್ಕೆ ಏರಿ ಬರುತ್ತದೆ. ಉದ್ಯಾವರ ಹೊಳೆಯದು ಇನ್ನೂ ವಿಚಿತ್ರ. ಕಡಲಿನ ಹತ್ತಿರಕ್ಕೆ ಬಂದರೂ ಅದನ್ನು ಸೇರದೆ, ಮಟ್ಟು, ಪಡುಕೆರೆಗಳ ಮಗ್ಗುಲಲ್ಲಿ ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಸಮುದ್ರವನ್ನು ಕೂಡುತ್ತದೆ. ಈ ಹೊಳೆಗಳ ಉಪ್ಪುನೀರು ಗದ್ದೆಗೆ ನುಗ್ಗದಂತೆ ಹಿಂದಿನವರು ಹಾಕಿದ ಮಣ್ಣಿನ ದಂಡೆಗಳೇ ನಮ್ಮ ಮೊದಲ ಸೈಕಲ್ ದಾರಿಗಳು. ದಂಡೆಯ ಒಂದು ಬದಿಯಲ್ಲಿ ಕಾಂಡ್ಲಾ ಗಿಡಗಳು, ಇನ್ನೊಂದು ಬದಿಯಲ್ಲಿ ಬೈಲುಗದ್ದೆ, ನಡುವೆ ಎರಡು ಮೂರು ಮೊಳ ಅಗಲದ ಕೆಂಪು ಹಾದಿ.

1970ರ ದಶಕದಲ್ಲಿ ನಾವು ಹುಡುಗರು ಗಂಟೆಗಿಷ್ಟು ಪೈಸೆ ಎಂದು ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯಲು ಕಲಿತದ್ದು ಇಂಥ ದಂಡೆಗಳ ಮೇಲೆ. ಬಿದ್ದರೆ ಒಂದು ಕಡೆ ಕೆಸರು, ಇನ್ನೊಂದು ಕಡೆ ನೀರು. ಮೂಳೆ ಮುರಿಯುವ ಭಯವಿರಲಿಲ್ಲ. ಆದರೆ ಆ ಹಾದಿ ಮಕ್ಕಳ ಆಟಕ್ಕೆಂದು ಇದ್ದದ್ದಲ್ಲ. ಅಂಚೆಯವರು, ಮೂರ್ತೆಯವರು, ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿ ಹಾರ್ನು ಒತ್ತುತ್ತ ಮೀನು ಮಾರುವವರು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಂಡೊಯ್ಯುವ ಹೆಂಗಸರು ಎಲ್ಲರೂ ಅದೇ ದಾರಿಯವರು. ತೋಡು ಅಡ್ಡ ಬಂದಲ್ಲಿ ಅಡಿಕೆ ಮರದ ಸಂಕ. ಸೈಕಲ್ಲನ್ನು ಹೆಗಲಿಗೇರಿಸಿ ಆ ಸಂಕವನ್ನು ದಾಟುವವರನ್ನು ಬೆರಗಿನಿಂದ ನೋಡುತ್ತ ನಿಲ್ಲುತ್ತಿದ್ದೆವು.

ಈಗ ಈ ದಂಡೆಗಳನ್ನು ಒಂದೊಂದಾಗಿ ಕಾಂಕ್ರೀಟು ಮಾಡಲಾಗುತ್ತಿದೆ. ಇದರ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ನದಿಯ ದಂಡೆಯನ್ನು ಬಲಪಡಿಸಲಿ, ಅವಶ್ಯವಿದ್ದಲ್ಲಿ ತಡೆಗೋಡೆಯನ್ನೂ ಕಟ್ಟಲಿ. ಆದರೆ ಅದರ ನೆತ್ತಿಯ ಮೇಲಿನ ಹಾದಿ ಮಣ್ಣು, ಜಲ್ಲಿಯದಾಗಿಯೇ ಉಳಿಯಬೇಕು; ಮೋಟಾರು ವಾಹನ ಅದರ ಮೇಲೆ ಬರಬಾರದು.

ಇದಕ್ಕೆ ಮೊದಲ ಆಕ್ಷೇಪ ದಂಡೆಯ ಜನರಿಂದಲೇ ಬರುತ್ತದೆ, ಅದು ನ್ಯಾಯವಾದದ್ದು. ಕುದ್ರುಗಳಲ್ಲಿ ಬಾಳಿದವರಿಗೆ ದಾರಿಯಿಲ್ಲದ ಕಷ್ಟವೇನೆಂದು ಗೊತ್ತು. ಹೆರಿಗೆಯ ಹೆಂಗಸನ್ನು ದೋಣಿಯಲ್ಲಿ ಮಲಗಿಸಿ ಹುಟ್ಟು ಹಾಕಿದ ಮನೆಗಳು ನನ್ನ ಬಂಧುಗಳಲ್ಲಿಯೇ ಇವೆ. ಅವರ ಮುಂದೆ ನಿಂತು ಮಣ್ಣಿನ ಹಾದಿಯ ಸೊಬಗನ್ನು ವರ್ಣಿಸುವುದು ಉದ್ಧಟತನವಾದೀತು. ಮನೆಯಿರುವಲ್ಲಿಗೆ ರಿಕ್ಷಾ ಹೋಗುವ ರಸ್ತೆ ಬೇಕೇ ಬೇಕು. ನನ್ನ ತಕರಾರು ಇರುವುದು ಬೇರೆಡೆ. ಬೈಲಿನ ಮಗ್ಗುಲಲ್ಲಿ ಒಂದು ಡಾಮರು ರಸ್ತೆ ಇದ್ದಾಗಲೂ, ಅಲ್ಲಿಂದ ಕೂಗಳತೆಯಲ್ಲಿ, ಒಂದೇ ಒಂದು ಮನೆಯೂ ಇಲ್ಲದ ದಂಡೆಯ ಮೇಲೆ ಇನ್ನೊಂದು ಕಾಂಕ್ರೀಟು ರಸ್ತೆಯನ್ನು ಎಳೆಯುವುದು ಯಾರಿಗಾಗಿ? ನಾನು ಕಂಡ ಒಂದು ದಂಡೆಯಲ್ಲಿ (ಊರಿನ ಹೆಸರು ಬೇಡ) ರಸ್ತೆಯಾದ ಮೊದಲ ತಿಂಗಳು ಎಲ್ಲರಿಗೂ ಸಂಭ್ರಮ. ಮಳೆಗಾಲ ಕಳೆಯುವಷ್ಟರಲ್ಲಿ ರಾತ್ರಿಯ ಹೊತ್ತು ಮರಳಿನ ಟಿಪ್ಪರುಗಳು ಓಡಾಡತೊಡಗಿದವು. ಮರುವರ್ಷ ಅಂಚು ಕುಸಿಯಿತು. ಈಗ ಅಲ್ಲಿ ಸಂಜೆ ನಡೆಯುವ ಮುದುಕರೂ ಇಲ್ಲ, ಸೈಕಲ್ಲಿನ ಮಕ್ಕಳೂ ಇಲ್ಲ. ಸಂಬಂಧಪಟ್ಟ ಕಚೇರಿಗೆ ಎರಡು ಪತ್ರ ಬರೆದೆವು. ಎರಡಕ್ಕೂ ಉತ್ತರವಿಲ್ಲ.

ಮಣ್ಣಿನ ದಂಡೆಯ ಗುಟ್ಟು ನಮ್ಮ ರೈತರಿಗೆ ತಿಳಿದದ್ದೇ. ಏಡಿಗಳು ಅದರಲ್ಲಿ ಬಿಲ ತೋಡುತ್ತವೆ. ಬಿಲದಿಂದ ಜಿನುಗಿದ ಉಪ್ಪುನೀರನ್ನು ಅಂದೇ ಕಂಡು ಒಂದು ಬುಟ್ಟಿ ಮಣ್ಣು ಹಾಕಿದರೆ ಮುಗಿಯಿತು, ವಾರ ಬಿಟ್ಟರೆ ದಂಡೆಯೇ ಒಡೆದು ಬೈಲು ಹಾಳಾಗುತ್ತದೆ. ದಿನವೂ ಜನ ನಡೆದು, ಸೈಕಲ್ ತುಳಿದು ಓಡಾಡುವ ದಂಡೆಯಲ್ಲಿ ಆ ಬಿಲ ಯಾರದಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ವಾಹನದ ಗಾಜಿನೊಳಗೆ ಕುಳಿತು ಹೋಗುವವನಿಗೆ ಏಡಿಯ ಬಿಲ ಕಾಣುವುದುಂಟೇ? ಮಟ್ಟುವಿನ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಾಗ ನಾವೆಲ್ಲರೂ ಹಿಗ್ಗಿದೆವು. ಹೊಳೆಗೂ ಕಡಲಿಗೂ ನಡುವಿನ ಅಂಥ ನೆಲಕ್ಕೆ ಉಪ್ಪುನೀರಿನಿಂದ ರಕ್ಷಣೆ ಬೇಕೆಂಬುದನ್ನೂ ಅಷ್ಟೇ ಹಿಗ್ಗಿನಿಂದ ನೆನೆಯಬೇಕಿತ್ತು.

ಇನ್ನು ಶಾಲೆಯ ಮಕ್ಕಳ ಮಾತು. ಇದೇ ನನ್ನನ್ನು ಹೆಚ್ಚು ಕಾಡುವ ವಿಷಯ. ರಾಷ್ಟ್ರೀಯ ಹೆದ್ದಾರಿ 17 ಎಂದು ನಾವು ಪಾಠದಲ್ಲಿ ಓದಿದ ರಸ್ತೆ ಈಗ ಹೆದ್ದಾರಿ 66 ಆಗಿದೆ, ಎರಡು ಪಥ ಹೋಗಿ ನಾಲ್ಕು ಪಥವಾಗಿದೆ. ಮನೆ ಒಂದು ಬದಿಯಲ್ಲಿ, ಶಾಲೆ ಇನ್ನೊಂದು ಬದಿಯಲ್ಲಿ. ನಡುವಿನ ವಿಭಜಕದಲ್ಲಿ ದಾಟುವ ಜಾಗ ಎಲ್ಲೋ ದೂರದಲ್ಲಿ. ಅಷ್ಟು ಸುತ್ತಲಾರದ ಮಕ್ಕಳು ಎದುರು ದಿಕ್ಕಿನಲ್ಲಿ, ಬಸ್ಸು ಲಾರಿಗಳಿಗೆ ಮುಖಾಮುಖಿಯಾಗಿ, ಅಂಚಿನಲ್ಲಿ ಸೈಕಲ್ ತುಳಿಯುವುದನ್ನು ಕಂಡರೆ ಎದೆ ನಡುಗುತ್ತದೆ. ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ನಾನು ಇನ್ನೂ ಸೇವೆಯಲ್ಲಿದ್ದೆ. ಹೊಳೆಯ ಕಡೆಯಿಂದ ಬರುತ್ತಿದ್ದ ಹುಡುಗಿಯರು ವಾರದೊಳಗೆ ದಂಡೆಯ ಮೇಲೆ ಸಾಲಾಗಿ, ಗಂಟೆ ಬಾರಿಸುತ್ತ ಬರತೊಡಗಿದರು. ಹೆದ್ದಾರಿಯಾಚೆಯ ಮಕ್ಕಳ ಸೈಕಲ್ಲುಗಳು ಮಾತ್ರ ಹೆಚ್ಚಿನವು ಮನೆಯ ಜಗಲಿಯಲ್ಲೇ ನಿಂತವು. ತಂದೆ ತಾಯಿಯರು ಬಿಡಲಿಲ್ಲ, ಬಿಡದಿದ್ದುದು ಸರಿಯೇ. ಒಂದೇ ಸೈಕಲ್, ಒಂದೇ ವಯಸ್ಸು. ವ್ಯತ್ಯಾಸವಿದ್ದದ್ದು ದಾರಿಯಲ್ಲಿ ಮಾತ್ರ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಲೆಂಡಿನಲ್ಲಿದ್ದಾನೆ. “ಸರ್, ಇಲ್ಲಿ ಕಾಲುವೆಯ ಪಕ್ಕದ ಜಲ್ಲಿದಾರಿಯಲ್ಲಿ ದಿನವೆಲ್ಲ ಸೈಕಲ್ ತುಳಿದರೂ ಒಂದು ಕಾರು ಎದುರಾಗುವುದಿಲ್ಲ, ನಮ್ಮಲ್ಲಿ ಹೀಗೆ ಆಗುವುದುಂಟಾ?” ಎಂದು ಬರೆದಿದ್ದ. ಆ ದಾರಿಗಳಲ್ಲಿ ಅನೇಕವು ಸೈಕಲ್ಲಿಗೆಂದು ಹುಟ್ಟಿದವಲ್ಲ. ಹದಿನೇಳನೆಯ ಶತಮಾನದಲ್ಲಿ ಪ್ರಯಾಣಿಕರ ದೋಣಿಗಳನ್ನು ಕುದುರೆಗಳು ದಡದಿಂದ ಹಗ್ಗ ಹಾಕಿ ಎಳೆಯುತ್ತಿದ್ದವು. ಕುದುರೆ ನಡೆಯಲೆಂದು ಮಾಡಿದ ಹಾದಿ ಅದು. ಕುದುರೆಗಳು ಹೋದರೂ ಆ ಜನ ಹಾದಿಯನ್ನು ಉಳಿಸಿಕೊಂಡರು. ನಾನು ಅವನಿಗೆ ಬರೆದ ಉತ್ತರ ಇಷ್ಟೇ: ನಮ್ಮಲ್ಲಿ ಆಗಬೇಕಾದದ್ದೇನೂ ಇಲ್ಲ ಮಾರಾಯ, ಇರುವುದನ್ನು ಹಾಳು ಮಾಡದಿದ್ದರೆ ಸಾಕು.

ಇರುವುದು ಹೊಳೆಯ ದಂಡೆಯೊಂದೇ ಅಲ್ಲ. ನಮ್ಮ ಜಿಲ್ಲೆಯ ಉತ್ತರದಲ್ಲಿ ವಾರಾಹಿ ಕಾಲುವೆಗಳಿವೆ. 1979ರಲ್ಲಿ ಮಂಜೂರಾದ ಆ ಯೋಜನೆಯ ನೀರು ಗದ್ದೆಗೆ ಬರಲು ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅದರ ಕಥೆಯೇ ಬೇರೆ, ಇರಲಿ. ನೀರು ತಾನಾಗಿ ಹರಿಯಲು ಕಾಲುವೆಗೆ ಬೇಕಾದ ಇಳಿಜಾರು ಅತ್ಯಲ್ಪ. ಆದ್ದರಿಂದ ಇಂಜಿನಿಯರರು ಅದನ್ನು ಗುಡ್ಡವನ್ನು ಹತ್ತಿಸದೆ ಅದರ ಸೊಂಟವನ್ನು ಬಳಸಿ ಒಯ್ಯುತ್ತಾರೆ, ಕಾಲುವೆಯ ಏರಿಯ ಮೇಲಿನ ದಾರಿಯೂ ಅದರ ಜೊತೆಗೇ ಮಟ್ಟಸವಾಗಿ ಸಾಗುತ್ತದೆ. ಭೂಪಟದ ಸಮೋನ್ನತಿ ರೇಖೆಯನ್ನು ಮಕ್ಕಳಿಗೆ ಅರ್ಥಮಾಡಿಸಲು ನಾನು ಎಷ್ಟು ಸೀಮೆಸುಣ್ಣ ಸವೆಸಿದ್ದೇನೆಂದು ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಅಂಥ ಏರಿಯ ಮೇಲೆ ಅರ್ಧ ಗಂಟೆ ಸೈಕಲ್ ತುಳಿದರೆ ಆ ಪಾಠ ಕಾಲಿಗೇ ತಿಳಿಯುತ್ತದೆ. ಮಣಿಪಾಲದ ಮಣ್ಣಪಳ್ಳದ ಸುತ್ತ ಬೆಳಿಗ್ಗೆ ನಡೆಯುವವರನ್ನು ನೋಡಿ. ಊರೆಲ್ಲ ದಿಣ್ಣೆಯಾದರೂ ಅವರು ಹುಡುಕಿ ಬರುವುದು ನೀರಿನಂಚಿನ ಮಟ್ಟವನ್ನೇ.

ಪಡುಕೆರೆಯಿಂದ ಮಟ್ಟುವಿನ ಮೂಲಕ ಕಾಪುವಿನ ದೀಪಸ್ತಂಭದವರೆಗೆ, ಒಂದು ಕಡೆ ಕಡಲು, ಬಹುದೂರದವರೆಗೆ ಇನ್ನೊಂದು ಕಡೆ ಹೊಳೆ ಇರುವ ದಾರಿ ಇಂದಿಗೂ ವಾರದ ದಿನಗಳಲ್ಲಿ ಸೈಕಲ್ಲಿಗೆ ಒದಗುತ್ತದೆ. ಭಾನುವಾರದ ಸಂಜೆ ಮಾತ್ರ ಅಲ್ಲಿಗೆ ಹೋಗಬೇಡಿ, ಕಾರುಗಳ ಜಾತ್ರೆ. ಅಲ್ಲಿ ಮನೆಗಳಿವೆ, ಆದ್ದರಿಂದ ರಸ್ತೆಯನ್ನು ಮುಚ್ಚುವಂತಿಲ್ಲ. ಆದರೆ ಅದರ ಮಗ್ಗುಲ ಹೊಳೆಯ ದಂಡೆಯನ್ನಾದರೂ ಹಾಗೆಯೇ ಬಿಡಬಹುದಲ್ಲ?

ಜಲ್ಲಿದಾರಿಯ ಕಷ್ಟಗಳನ್ನು ನಾನು ಬಲ್ಲೆ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಊರು ನಮ್ಮದು. ಜೂನ್ ಕಳೆಯುವುದರೊಳಗೆ ಕೆಂಪುಮಣ್ಣಿನ ಮೇಲೆ ಪಾಚಿ ಕಟ್ಟಿ ಚಕ್ರ ಜಾರುತ್ತದೆ. ನಡುವೆ ಸ್ವಲ್ಪ ಉಬ್ಬಿಸಿ, ಎರಡು ಬದಿಗೆ ನೀರು ಇಳಿಯುವಂತೆ ಮಾಡಿ, ಮುರಕಲ್ಲಿನ ಚೂರು ಹಾಸಿ ಗಟ್ಟಿಯಾಗಿ ಒತ್ತಿದರೆ ಬಹುಮಟ್ಟಿಗೆ ತಡೆಯುತ್ತದೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಒಂದು ಸುತ್ತು ದುರಸ್ತಿ ಬೇಕು. ಹಿಂದೆ ಹೊಳೆಗೆ ವರ್ಷ ವರ್ಷವೂ ಮಣ್ಣಿನ ಕಟ್ಟ ಹಾಕುತ್ತಿದ್ದ ಊರುಗಳಿಗೆ ಇದೇನೂ ಹೊಸ ಕೆಲಸವಲ್ಲ.

ಮೋಟಾರನ್ನು ತಡೆಯುವ ಉಪಾಯವೂ ನಮ್ಮ ಹಿತ್ತಿಲಲ್ಲೇ ಇತ್ತು. ಹಿಂದೆ ಪ್ರತಿ ಬೇಲಿಗೂ ಒಂದು ತಡಮೆ. ಮನುಷ್ಯ ಕಾಲೆತ್ತಿ ದಾಟುತ್ತಿದ್ದ, ದನ ಆಚೆಯೇ ನಿಲ್ಲುತ್ತಿತ್ತು. ದಂಡೆಯ ಎರಡು ತುದಿಗಳಲ್ಲಿ ಸೈಕಲ್ಲಿನ ಹ್ಯಾಂಡಲ್ ದಾಟುವಷ್ಟು ಅಂತರ ಬಿಟ್ಟು ಮೂರು ಕಲ್ಲುಗೂಟ ನೆಟ್ಟರೆ ಕಾರು, ಟಿಪ್ಪರುಗಳ ಮಟ್ಟಿಗೆ ಅದೇ ತಡಮೆ. ಬೈಕುಗಳು ನುಸುಳಿಯಾವು, ಅವನ್ನು ಊರವರೇ ಗದರಿಸಬೇಕು. ನಡುವಿನ ಗೂಟವನ್ನು ಕೀಲಿ ಹಾಕಿ ತೆಗೆಯುವಂತೆ ಮಾಡಿ ಕೀಲಿಯನ್ನು ಪಂಚಾಯತಿಯಲ್ಲೂ ಹತ್ತಿರದ ಒಂದು ಮನೆಯಲ್ಲೂ ಇಟ್ಟರೆ ಆಂಬುಲೆನ್ಸಿಗೂ ಮಣ್ಣು ತರುವ ಗಾಡಿಗೂ ಅಡ್ಡಿಯಿಲ್ಲ.

ಈ ಮಾತುಗಳನ್ನೇ ಅರ್ಧ ಪುಟದ ಅರ್ಜಿಯಾಗಿ ಬರೆದು ಮುಂದಿನ ಗ್ರಾಮಸಭೆಗೆ ಕೊಡಲಿದ್ದೇನೆ. ಊರಿನಲ್ಲೇ ಇರುವ ಶಿಷ್ಯರು, ಮುಖ್ಯವಾಗಿ ದಂಡೆಯ ಪಕ್ಕದಲ್ಲಿ ಗದ್ದೆಯುಳ್ಳವರು, ಬಂದು ಓದಿ, ತಿದ್ದಿ, ಒಪ್ಪಿಗೆಯಾದರೆ ಸಹಿ ಹಾಕಬೇಕು. ಒಪ್ಪದವರು ಗ್ರಾಮಸಭೆಗೆ ಬಂದು ಎದ್ದು ನಿಂತು ಹೇಳಲಿ. ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ಈಗ ನನಗಿಲ್ಲ.