ರಕ್ತ ಹೆಪ್ಪುಗಟ್ಟೋ ಜೀನ್ ಇದ್ರೆ ರೋಗ ಇದ್ದಂಗಾ? ಟೆಸ್ಟ್‌ಗೆ ಓಡೋ ಮುಂಚೆ ಈ ಲೆಕ್ಕ ನೋಡ್ರಿ

ಸತ್ತೂರ: ಹಾಸನ ಜಿಲ್ಲೆಯಲ್ಲಿ 2025ರ ಮೇ-ಜೂನ್‌ನಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ಇಡೀ ರಾಜ್ಯವನ್ನು ನಡುಗಿಸಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಜುಲೈನಲ್ಲಿ ಬಂದ ತಜ್ಞರ ವರದಿಗಳು, ಹಾಸನದಲ್ಲಿ ಹೃದಯಾಘಾತ ಮೊದಲಿಗಿಂತ ಹೆಚ್ಚಾಗಿಲ್ಲ, ಹಠಾತ್ ಸಾವಿಗೂ ಕೋವಿಡ್ ಲಸಿಕೆಗೂ ನೇರ ಸಂಬಂಧ ಕಂಡಿಲ್ಲ ಎಂದವು. ಆದರೆ ಅಂಜಿಕೆ ಅಷ್ಟು ಬೇಗ ಹೋಗಲ್ಲ. ‘ರಕ್ತ ಗಟ್ಟಿಯಾಗೋದು ನಮ್ಮ ವಂಶದಾಗೇ ಇದ್ರೆ ಏನ್ ಗತಿ?’ ಅನ್ನೋ ಪ್ರಶ್ನೆ ಉಳಿದೇ ಇದೆ. ಎಸ್‌ಡಿಎಂ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರುವ ಸತ್ತೂರಿಗೆ ಈ ಪ್ರಶ್ನೆ ದೂರದ್ದೇನಲ್ಲ.

ವಂಶದಿಂದ ಬರುವ ಇಂಥ ದೋಷ ಇರೋದು ನಿಜ. ಅದರಲ್ಲಿ ಮುಖ್ಯವಾದದ್ದು ‘ಫ್ಯಾಕ್ಟರ್ ಫೈವ್ ಲೈಡನ್’. ನೆದರ್ಲೆಂಡ್ಸ್‌ನ ಲೈಡನ್ ಊರಿನ ವಿಜ್ಞಾನಿಗಳು 1994ರಲ್ಲಿ ಪತ್ತೆ ಹಚ್ಚಿದ್ದಕ್ಕೆ ಈ ಹೆಸರು. ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕು, ಕೆಲಸ ಮುಗಿದ ಮೇಲೆ ನಿಲ್ಲಬೇಕು. ಈ ದೋಷ ಇದ್ದವರಲ್ಲಿ ಹೆಪ್ಪುಗಟ್ಟೋದು ಶುರುವಾಗುತ್ತೆ, ಬ್ರೇಕ್ ಮಾತ್ರ ತಡವಾಗಿ ಬೀಳುತ್ತೆ. 1996ರಲ್ಲಿ ಪ್ರೋಥ್ರೋಂಬಿನ್ ಜೀನ್‌ನಲ್ಲೂ ಇಂಥದ್ದೇ ಒಂದು ದೋಷ ಸಿಕ್ಕಿತು.

ಈಗ ಲೆಕ್ಕಕ್ಕೆ ಬರೋಣ. ಯುರೋಪ್ ಮೂಲದ ಆರೋಗ್ಯವಂತ 100 ಮಂದಿಯಲ್ಲಿ ಸುಮಾರು 5 ಜನರಲ್ಲಿ ಲೈಡನ್ ದೋಷ, ಸುಮಾರು 2 ಜನರಲ್ಲಿ ಪ್ರೋಥ್ರೋಂಬಿನ್ ದೋಷ ಇರುತ್ತೆ. ಭಾರತೀಯರಲ್ಲಿ ಲೈಡನ್ ದೋಷ ಅದಕ್ಕಿಂತ ಬಹಳ ಕಡಿಮೆ, ಪ್ರೋಥ್ರೋಂಬಿನ್ ದೋಷವಂತೂ ಅಪರೂಪ. ಇನ್ನೊಂದು ಮಾತು: ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಲೈಡನ್ ದೋಷ ಬಂದ 10 ಜನರಲ್ಲಿ ಹೆಚ್ಚುಕಮ್ಮಿ 9 ಮಂದಿಗೆ ಜೀವನಪೂರ್ತಿ ಹೆಪ್ಪುಗಟ್ಟುವ ತೊಂದರೆ ಬರೋದೇ ಇಲ್ಲ. ಇಬ್ಬರಿಂದಲೂ ಬಂದರೆ ಅಪಾಯ ಜಾಸ್ತಿ. ಸೋದರ ಸಂಬಂಧದ ಮದುವೆ ಇರುವ ಮನೆತನಗಳು ಇದನ್ನು ನೆನಪಿಡಬೇಕು.

ಇನ್ನು ಹೃದಯಾಘಾತ. ಈ ದೋಷಗಳು ಮುಖ್ಯವಾಗಿ ತೊಂದರೆ ಕೊಡೋದು ಕಾಲಿನ ಒಳಗಿನ ಅಭಿಧಮನಿಗಳಲ್ಲಿ. ಅಲ್ಲಿ ಗಟ್ಟಿಯಾದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಹೃದಯಾಘಾತ ಆಗೋದು ಅಪಧಮನಿಯಲ್ಲಿ; ಅಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್, ತಂಬಾಕಿನದೇ ದೊಡ್ಡ ಕೈ. ಅಂದ್ರೆ ಹಾಸನದ ಸುದ್ದಿ ಕೇಳಿ ಜೀನ್ ಟೆಸ್ಟ್ ಮಾಡಿಸಿದರೆ ರೋಗ ಒಂದು, ಪರೀಕ್ಷೆ ಇನ್ನೊಂದು ಆಗುತ್ತೆ.

ನಷ್ಟ ಬರೀ ರೊಕ್ಕದ್ದಲ್ಲ. ರಿಪೋರ್ಟ್ ‘ಪಾಸಿಟಿವ್’ ಬಂದರೂ ಆರೋಗ್ಯವಂತರಿಗೆ ಸಾಮಾನ್ಯವಾಗಿ ರಕ್ತ ತೆಳು ಮಾಡುವ ಮಾತ್ರೆ ಕೊಡಲ್ಲ, ರಕ್ತಸ್ರಾವದ ಅಪಾಯ ಇರುತ್ತೆ. ಮಾತ್ರೆ ಇಲ್ಲ, ಚಿಂತೆ ಮಾತ್ರ ಉಳೀತು. ಮಗಳಿಗೆ ಸಂಬಂಧ ನೋಡೋ ಮನೆಯಲ್ಲಿ ಅದೇ ಕಾಗದ ‘ರೋಗ ಐತಂತ’ ಅನ್ನೋ ಮಾತಾಗಿ ಓಣಿ ತುಂಬ ತಿರುಗಬಹುದು.

ಹಾಗಾದ್ರೆ ಟೆಸ್ಟ್ ಯಾರಿಗೆ? ಚಿಕ್ಕ ವಯಸ್ಸಿನಲ್ಲೇ ಕಾರಣವಿಲ್ಲದೆ ಹೆಪ್ಪುಗಟ್ಟಿದವರು, ಮತ್ತೆ ಮತ್ತೆ ಆದವರು, ಒಡಹುಟ್ಟಿದವರಿಗೋ ಹೆತ್ತವರಿಗೋ ಆಗಿದ್ದವರು ವೈದ್ಯರ ಹತ್ತಿರ ಮಾತಾಡಬೇಕು. ಆಪರೇಷನ್, ಗರ್ಭನಿರೋಧಕ ಮಾತ್ರೆ, ಬಸಿರು-ಬಾಣಂತನಕ್ಕೆ ಮುಂಚೆ ಈ ವಿಷಯ ಮುಚ್ಚಿಡಬಾರದು.

ಜೀನ್ ಇರಲಿ ಬಿಡಲಿ, ಲಕ್ಷಣ ಎಲ್ಲರಿಗೂ ಗೊತ್ತಿರಬೇಕು. ಒಂದೇ ಕಾಲು ಬಾತು ನೋವು, ಬಿಸಿ ಅನ್ನಿಸಿದರೆ, ದಿಢೀರ್ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ಮನೆಮದ್ದು ಬೇಡ, ಕಾಲು ತಿಕ್ಕೋದೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ಬಾಣಂತಿಯನ್ನು ದಿನವಿಡೀ ಮಲಗಿಸದೆ ಆಗಾಗ ಓಡಾಡಿಸಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು, ಗಲ್ಲಾದ ಮುಂದೆ ತಾಸುಗಟ್ಟಲೆ ಕೂರುವ ಅಂಗಡಿಯವರು ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ಸಾವಿರಗಟ್ಟಲೆ ಖರ್ಚಿನ ಜೀನ್ ಟೆಸ್ಟ್‌ಗಿಂತ ಮೊದಲು ಆಗಬೇಕಾದದ್ದು ಬಿಪಿ, ಶುಗರ್ ತಪಾಸಣೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ.