ಗೆದ್ದಲಿನ ಮೇಲೊಂದು ಆಪಾದನೆ

ನಮ್ಮ ಜನಕ್ಕೆ ಗೆದ್ದಲನ್ನು ಬಯ್ಯಲು ಹೊಸ ಕಾರಣವೇನೂ ಬೇಕಾಗಿಲ್ಲ. ತೊಲೆ ತಿಂದಿತು, ಬಾಗಿಲ ಚೌಕಟ್ಟು ತಿಂದಿತು, ತಾತನ ಕಾಲದ ಕಾಗದಪತ್ರ ತಿಂದಿತು ಎಂಬ ಹಳೆಯ ದೂರುಗಳೇ ಬೇಕಾದಷ್ಟಿವೆ. ಈಗ ಇವುಗಳ ಜೊತೆಗೆ ವಿದ್ಯಾವಂತರ ಬಾಯಲ್ಲಿ ಇನ್ನೊಂದು ದೂರು ಕೇಳಿಬರುತ್ತದೆ. ಭೂಮಿಯ ಹವೆ ಕಾಯುತ್ತಿರುವುದಕ್ಕೆ ಕಾಡಿನ ಮಣ್ಣಿನಲ್ಲಿರುವ ಹುಳುಗಳೂ ಕಾರಣವಂತೆ. ಹೀಗಿರುವಾಗ ಮೋಟಾರು, ಕಾರ್ಖಾನೆಗಳನ್ನು ಮಾತ್ರ ಏಕೆ ದೂರಬೇಕು ಎಂಬುದು ಈ ವಾದದ ಬಾಲ. ನಾನು ವಿಜ್ಞಾನದವನಲ್ಲ, ಇತಿಹಾಸ ಓದುವವನು. ಆದರೂ ಆಪಾದನೆ ಬಂದಾಗ ಸಾಕ್ಷ್ಯವನ್ನು ನೋಡಬೇಕೆಂಬ ನಿಯಮ ಎರಡು ಕಡೆಗೂ ಒಂದೇ ಅಲ್ಲವೆ?

ಆಪಾದನೆ ಪೂರ್ತಿ ಸುಳ್ಳಲ್ಲ. ಗೆದ್ದಲಿನ ಹೊಟ್ಟೆಯಲ್ಲಿ ಗಾಳಿಯ ಸೋಂಕಿಲ್ಲದ ಮೂಲೆಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳುಂಟು. ಹಸುವಿನ ಹೊಟ್ಟೆಯಲ್ಲಿ ಆಗುವಂತೆಯೇ ಇಲ್ಲಿಯೂ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲಾಮ್ಲಕ್ಕಿಂತ ಸುಮಾರು 28 ಪಟ್ಟು ಹೆಚ್ಚಾಗಿ ಶಾಖವನ್ನು ಹಿಡಿದಿಡುತ್ತದೆ. ಎಲ್ಲ ಗೆದ್ದಲೂ ಒಂದೇ ಅಲ್ಲ. ಬರಿಯ ಮರ ತಿನ್ನುವ ಜಾತಿಗಳಿಗಿಂತ ಮಣ್ಣು ತಿನ್ನುವ ಜಾತಿಗಳೂ, ನಮ್ಮ ಹುತ್ತಗಳಲ್ಲಿರುವಂತೆ ಅಣಬೆ ಬೆಳೆಸಿ ಉಣ್ಣುವ ಜಾತಿಗಳೂ ಹೆಚ್ಚು ಮೀಥೇನ್ ಬಿಡುತ್ತವೆ. (ಇದನ್ನು ಬಿಳಿ ಇರುವೆ ಎನ್ನುವವರುಂಟು. ಇರುವೆಗೂ ಇದಕ್ಕೂ ನಂಟಿಲ್ಲ. ಇದರ ದಾಯಾದಿ ಜಿರಳೆ.)

1982ರಲ್ಲಿ ಝಿಮ್ಮರ್‌ಮನ್ ಮತ್ತು ಸಂಗಡಿಗರು ಗೆದ್ದಲುಗಳಿಂದ ವರ್ಷಕ್ಕೆ 15 ಕೋಟಿ ಟನ್ ಮೀಥೇನ್ ಬರಬಹುದೆಂದು ಅಂದಾಜು ಮಾಡಿದರು. ಆ ಸಂಗಡಿಗರಲ್ಲಿ ಮುಂದೆ 1995ರಲ್ಲಿ ನೊಬೆಲ್ ಬಹುಮಾನ ಪಡೆದ ಪಾಲ್ ಕ್ರುಟ್ಸೆನ್ ಕೂಡ ಇದ್ದರು. ಅಂಥವರ ಮಾತೆಂದಮೇಲೆ ಜಗತ್ತು ಕಿವಿಗೊಟ್ಟಿತು. ಪ್ರಯೋಗಶಾಲೆಯಲ್ಲಿ ಅಳೆದದ್ದನ್ನು ಇಡೀ ಭೂಮಂಡಲಕ್ಕೆ ಗುಣಿಸಿದ ಲೆಕ್ಕ ಅದು. ಆಮೇಲಿನವರು ಕಾಡಿಗೇ ಹೋಗಿ ಅಳೆಯುತ್ತ ಬಂದಂತೆ ಲೆಕ್ಕ ಇಳಿಯುತ್ತ ಬಂತು. ಈಗ ಅದು ಸುಮಾರು 1 ಕೋಟಿ ಟನ್ನಿನ ಆಸುಪಾಸಿನಲ್ಲಿದೆ. ಮನುಷ್ಯನ ದನಕರು, ಬತ್ತದ ಗದ್ದೆ, ಕಲ್ಲಿದ್ದಲ ಗಣಿ, ತೈಲದ ಬಾವಿ, ಕಸದ ಗುಡ್ಡೆ ಇವೆಲ್ಲ ಸೇರಿ ಬಿಡುವ ಮೀಥೇನ್ 30 ಕೋಟಿ ಟನ್ನಿಗೂ ಮೇಲು. ಆದರೆ ಮೊದಲಿನ ದೊಡ್ಡ ಅಂಕಿ ಊರೆಲ್ಲ ಸುತ್ತಿತು, ತಿದ್ದಿದ ಅಂಕಿ ಮನೆಯಲ್ಲೇ ಕುಳಿತಿತು. ಇತಿಹಾಸದ ಪುಟಗಳಲ್ಲಿಯೂ ಹೀಗೆ ಆಗುವುದನ್ನು ನಾವು ಕಂಡಿದ್ದೇವೆ.

ನನಗೆ ಬಹಳ ಸೊಗಸೆನಿಸಿದ ಸಂಗತಿ ಇನ್ನೊಂದಿದೆ. ಉತ್ತರ ಆಸ್ಟ್ರೇಲಿಯದ ಹುತ್ತಗಳನ್ನು ಪರೀಕ್ಷಿಸಿದವರು 2018ರಲ್ಲಿ ಹೇಳಿದ್ದೇನೆಂದರೆ, ಒಳಗೆ ಹುಟ್ಟಿದ ಮೀಥೇನಿನಲ್ಲಿ ಸುಮಾರು ಅರ್ಧ ಹೊರಗೆ ಬರುವುದೇ ಇಲ್ಲ. ಹುತ್ತದ ಗೋಡೆಯಲ್ಲಿಯೂ ಅದರ ಕೆಳಗಿನ ಮಣ್ಣಿನಲ್ಲಿಯೂ ಇರುವ ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ದಾರಿಯಲ್ಲೇ ಉಂಡುಬಿಡುತ್ತವೆ. ಹೊಗೆ ಕಾರುವ ಮನೆಯೇ ತನ್ನ ಹೊಗೆಯನ್ನು ಸೋಸುವ ಇಂಥ ಏರ್ಪಾಡು ನಮ್ಮ ಎಷ್ಟು ಕಾರ್ಖಾನೆಗಳಲ್ಲಿದೆ?

ಗೆದ್ದಲು ಇಂಗಾಲಾಮ್ಲವನ್ನೂ ಬಿಡುತ್ತದೆಯಲ್ಲ ಎನ್ನಬಹುದು. ಬಿಡುತ್ತದೆ, ಹೆಚ್ಚಾಗಿಯೇ ಬಿಡುತ್ತದೆ. ಆದರೆ ಬಿದ್ದ ಮರದಲ್ಲಿರುವ ಇಂಗಾಲ ಆ ಮರವೇ ಗಾಳಿಯಿಂದ ಪಡೆದ ಸಾಲ. ಗೆದ್ದಲು ತೀರಿಸದಿದ್ದರೆ ಬೂಷ್ಟು ತೀರಿಸುತ್ತದೆ. ಕೋಟಿ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲನ್ನು ತೆಗೆದು ಸುಡುವುದು ಬೇರೆ ಮಾತು. ಇಲ್ಲೊಂದು ಭಯವೇನೋ ನಿಜವಾದದ್ದಿದೆ. 20 ದೇಶಗಳ 133 ಸ್ಥಳಗಳಲ್ಲಿ ಮರದ ತುಂಡುಗಳನ್ನಿಟ್ಟು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶಾಖ 10 ಡಿಗ್ರಿ ಏರಿದರೆ ಗೆದ್ದಲು ಮರವನ್ನು ಹುಡುಕಿ ತಿನ್ನುವ ವೇಗ 6 ಪಟ್ಟಿಗೂ ಮಿಕ್ಕಿ ಏರುತ್ತದೆ. ಸೂಕ್ಷ್ಮಜೀವಿಗಳದ್ದು ಸುಮಾರು ಎರಡು ಪಟ್ಟು ಮಾತ್ರ. ನಾವು ಹವೆಯನ್ನು ಕಾಯಿಸಿದಷ್ಟೂ ಗೆದ್ದಲಿನ ಕೆಲಸ ಹರಡುತ್ತದೆ. ಮೊದಲು ಬೆಂಕಿ ಹಚ್ಚಿದವರಾರು ಎಂಬುದನ್ನು ಮರೆಯದಿದ್ದರೆ ಸರಿ.

ಹಾಗಾದರೆ ಇವನ್ನು ನಿರ್ಮೂಲ ಮಾಡಿದರೆ? ಬೋರ್ನಿಯೋ ದ್ವೀಪದ ಮಲಿಯಾವ್ ಕಾಡಿನಲ್ಲಿ ಸಂಶೋಧಕರು ಕೆಲವು ತಾಕುಗಳಲ್ಲಿ ಗೆದ್ದಲನ್ನು ತಗ್ಗಿಸಿ, ಕೆಲವು ತಾಕುಗಳನ್ನು ಹಾಗೆಯೇ ಬಿಟ್ಟಿದ್ದರು. 2015-16ರಲ್ಲಿ ಭಾರಿ ಅನಾವೃಷ್ಟಿ ಬಂತು. ಬಿಟ್ಟ ತಾಕುಗಳಲ್ಲಿ ಗೆದ್ದಲು ಎರಡು ಪಟ್ಟಿಗೂ ಹೆಚ್ಚಾಗಿ, ತರಗು ಬೇಗ ಗೊಬ್ಬರವಾಯಿತು, ಮಣ್ಣಿನಲ್ಲಿ ತೇವ ಉಳಿಯಿತು, ಸಸಿಗಳು ಬದುಕಿದ್ದು ನೂರಕ್ಕೆ 51ರಷ್ಟು ಹೆಚ್ಚು. ಆ ಸಸಿಗಳೇ ನಾಳೆ ಗಾಳಿಯ ಇಂಗಾಲವನ್ನು ಹೀರುವ ಮರಗಳು. ಉಸಿರಿನ ಲೆಕ್ಕ ಬರೆದು ಈ ಆದಾಯದ ಪುಟವನ್ನು ಖಾಲಿ ಬಿಡುವುದು ಯಾವ ಗುಮಾಸ್ತನೂ ಮಾಡದ ಕೆಲಸ. ಕಾಡು ಕಡಿದಾಗ ಮೊದಲು ಕಾಣೆಯಾಗುವವು ಮಣ್ಣು ತಿನ್ನುವ ಜಾತಿಗಳೇ ಎಂಬುದನ್ನೂ ಇಲ್ಲಿ ನೆನೆಯಬೇಕು.

ನಮ್ಮ ಹೆಂಗಸರು ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತಾರೆ. ಪೂಜೆಯೆಲ್ಲ ಹಾವಿಗೆ, ಮನೆ ಕಟ್ಟಿದವನ ಹೆಸರಿಲ್ಲ! ಅದು ಹೋಗಲಿ. ಪುಸ್ತಕಭಂಡಾರದ ಕಪಾಟುಗಳಿಗೆ ಔಷಧ ಹಾಕಲಿ, ಬೇಡವೆನ್ನುವವನು ನಾನಲ್ಲ. ಆದರೆ ಆಟದ ಬಯಲಿನಾಚೆ ಹೊಂಗೆಮರಗಳ ಕೆಳಗಿರುವ ಎರಡು ಹುತ್ತಗಳನ್ನು ಅಗೆಸಬೇಕೆಂದೂ, ಅಲ್ಲಿಯ ತರಗನ್ನೆಲ್ಲ ಗುಡಿಸಿ ಸುಡಬೇಕೆಂದೂ ವಿದ್ಯಾರ್ಥಿ ಸಂಘದ ಮುಂದೆ ಒಂದು ಸಲಹೆ ಬಂದಿದೆಯಷ್ಟೆ. ಅದಕ್ಕೆ ನನ್ನ ಮತ ವಿರುದ್ಧವಾಗಿದೆ.