‘ಎನಿಗ್ಮಾ’ ಓದಿ ನಾವು ಜಗಳವಾಡಿದ್ದೇಕೆ?

ರಾಬರ್ಟ್ ಹ್ಯಾರಿಸ್ ಅವರ ‘ಎನಿಗ್ಮಾ’ (1995) ಕಾದಂಬರಿಯನ್ನ ಈ ಸಲ ನಾವೆಲ್ಲ ಸೇರಿ ಓದಿದ್ವಿ. ಮುಗಿಸೋ ಹೊತ್ತಿಗೆ ನಮ್ಮಲ್ಲೇ ಎರಡು ಪಂಗಡ. “ಪತ್ತೇದಾರಿ ಕತೆ ಅಂತ ತಗೊಂಡ್ರೆ ಅರ್ಧ ಪುಸ್ತಕ ಕ್ರಿಪ್ಟೋಗ್ರಫಿ ಕ್ಲಾಸು” ಅಂತ ಕೆಲವರು. “ಆ ಕ್ಲಾಸೇ ಮಜಾ” ಅಂತ ಉಳಿದವರು.

ಕತೆ ನಡೆಯೋದು 1943ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ. ಜರ್ಮನ್ ಸಬ್‌ಮರೀನುಗಳ ಸಂದೇಶಗಳನ್ನ ಬಿಡಿಸೋದು ಇದ್ದಕ್ಕಿದ್ದಂತೆ ಅಸಾಧ್ಯವಾಗಿದೆ. ಅಟ್ಲಾಂಟಿಕ್‌ನಲ್ಲಿ ಹಡಗುಗಳ ಸಾಲು ಹೊರಟಾಗಿದೆ. ಕೆಲಸದ ಒತ್ತಡಕ್ಕೆ ಕುಸಿದುಹೋಗಿದ್ದ ಗಣಿತಜ್ಞ ಟಾಮ್ ಜೆರಿಕೋನನ್ನು ಮತ್ತೆ ಕರೆಸುತ್ತಾರೆ. ಅವನು ಬಂದು ನೋಡಿದರೆ, ಪ್ರೀತಿಸಿದ ಕ್ಲೇರ್ ಕಾಣೆ.

ಮೊದಲ ದೂರು, ‘ಮೆಷಿನ್ ಜಾಸ್ತಿ’ ಅನ್ನೋದು. ನಾವು ಒಪ್ಪಲ್ಲ. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ಆಗಿ ಹೊರಬರಲ್ಲ. ಒಂದು ಡಿಸೈನ್ ದೋಷ, ಅದನ್ನೇ ಹಿಡಿದು ಎಳೆದರೆ ಬೀಗ ಸಡಿಲ. ರಾತ್ರಿಯಿಡೀ ಡೀಬಗ್ ಮಾಡಿದವರಿಗೆ ಇದು ಬೋರಾಗೋದು ಹೇಗೆ?

ಎರಡನೆಯದು, ಕ್ಲೇರ್ ಬರೀ ನೆರಳು ಅನ್ನೋದು. ಒಪ್ಪಿದ್ವಿ. ಆದರೆ ಅವಳ ಜೊತೆ ವಾಸವಿದ್ದ ಹೆಸ್ಟರ್ ವಾಲೇಸ್ ಇದ್ದಾಳಲ್ಲ! ಬುದ್ಧಿಯಿದ್ದೂ ಗುಮಾಸ್ತೆ ಕೆಲಸಕ್ಕೇ ಕಟ್ಟಿಹಾಕಿಸಿಕೊಂಡವಳು. ಬ್ಲೆಚ್ಲಿಯಲ್ಲಿ ದುಡಿದವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು ಅನ್ನೋದು ನೆನಪಿದ್ದರೆ ಅವಳ ಸಿಟ್ಟು ಅರ್ಥವಾಗುತ್ತೆ.

ಮೂರನೆಯದಕ್ಕೇ ನಿಜವಾದ ಜಗಳ. (ಓದದವರು ಇಲ್ಲೇ ನಿಲ್ಲಿ, ಗುಟ್ಟು ಬಿಡ್ತಿದ್ದೀವಿ!) ಕತೆಯ ದ್ರೋಹಿ ಒಬ್ಬ ಪೋಲಿಷ್ ಗಣಿತಜ್ಞ. ಅವನಿಗೆ ಕಾರಣವೂ ಇದೆ. 1940ರಲ್ಲಿ ಸೋವಿಯತ್ ರಹಸ್ಯ ಪೊಲೀಸರು ಕಾಟಿನ್ ಮತ್ತಿತರ ಕಡೆ ಸುಮಾರು 22,000 ಪೋಲಿಷರನ್ನು ಕೊಂದರು. ಕಾದಂಬರಿಯಲ್ಲಿ ಅವನ ತಂದೆಯೂ ಕಾಟಿನ್‌ನಲ್ಲಿ ಸತ್ತವರಲ್ಲೊಬ್ಬ. ಮಿತ್ರ ಸ್ಟಾಲಿನ್‌ಗೆ ಮುಜುಗರವಾಗದಿರಲಿ ಅಂತ ಬ್ರಿಟಿಷರು ಸತ್ಯ ಮುಚ್ಚಿಡ್ತಾರೆ. ಆ ಮೌನವನ್ನು ಹ್ಯಾರಿಸ್ ಬಿಚ್ಚಿಡೋ ರೀತಿಗೆ ಸಲಾಂ.

ಆದರೆ ಇತಿಹಾಸ ನೋಡಿ. ಎನಿಗ್ಮಾವನ್ನ ಗಣಿತದಿಂದ ಮೊದಲು ಭೇದಿಸಿದ್ದು 1932ರಲ್ಲಿ, ಪೋಲೆಂಡಿನ ಮರಿಯನ್ ರೆಯೆವ್‌ಸ್ಕಿ. ಆಗ ವಯಸ್ಸು 27. ಅವನೂ ಜೊತೆಗಾರರಾದ ರುಜಿತ್‌ಸ್ಕಿ, ಜಿಗಾಲ್‌ಸ್ಕಿ ಇಬ್ಬರೂ ಪೊಜ್ನಾನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವರು. 1939ರ ಜುಲೈನಲ್ಲಿ ಪೋಲಿಷರು ಆ ವಿದ್ಯೆಯನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಕೊಟ್ಟುಬಿಟ್ಟರು. 1943ರಲ್ಲಿ ರೆಯೆವ್‌ಸ್ಕಿ ಬ್ರಿಟನ್ ತಲುಪಿದಾಗ ಅವನನ್ನು ಬ್ಲೆಚ್ಲಿಗೆ ಸೇರಿಸಿಕೊಳ್ಳಲೇ ಇಲ್ಲ, ಸಣ್ಣಪುಟ್ಟ ಸಂಕೇತಗಳ ಕೆಲಸಕ್ಕೆ ಹಾಕಿದರು.

“ಕಾದಂಬರಿ ತಾನೇ, ಬಿಡ್ರೋ” ಅಂದ ನಮ್ಮಲ್ಲೊಬ್ಬ. ಬಿಡೋಕಾಗಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಎನಿಗ್ಮಾ ಗೊತ್ತಾಗಿದ್ದೇ ಕತೆ, ಸಿನಿಮಾಗಳಿಂದ. ಪ್ರಾಜೆಕ್ಟಿನಲ್ಲಿ ಕೋಡ್ ಬರೆದವನೊಬ್ಬ, ಪ್ರೆಸೆಂಟೇಷನ್ ಕೊಟ್ಟು ಹೆಸರು ತಗೊಂಡವನೊಬ್ಬ ಅಂದ್ರೆ ನಮಗೆ ಎಷ್ಟು ಉರಿಯುತ್ತೆ? ಇಲ್ಲಿ ಕೋಡ್ ಬರೆದವರ ಕಡೆಯವನೇ ಕಳ್ಳನೂ ಆಗಿದ್ದಾನೆ.

ಹಾಗಂತ ಓದಬೇಡಿ ಅಂತಿಲ್ಲ. ಖಂಡಿತ ಓದಿ. ಮುಗಿಸಿದ ದಿನವೇ ರೆಯೆವ್‌ಸ್ಕಿ ಬಗ್ಗೆ ಒಂದಿಷ್ಟು ಹುಡುಕಿ ಓದಿ. ಆಮೇಲೂ ನಾವು ಹೇಳಿದ್ದು ತಪ್ಪು ಅನ್ನಿಸಿದರೆ ಬರೆದು ಕಳಿಸಿ, ಜಗಳ ಮುಂದುವರಿಸೋಣ.